ಉಳಿದ ಅನ್ನಕ್ಕೆ ವಾಫಲ್ ವೇಷ

ರಾತ್ರಿಯ ಅನ್ನ, ಅರ್ಧ ಬಟ್ಟಲು ಪಲ್ಯ, ಹುಳಿ ಬಂದ ಮೊಸರು ಎಲ್ಲವನ್ನೂ ಹಿಟ್ಟಿಗೆ ಕಲಸಿ ವಾಫಲ್ ಮಾಡಿರಿ, ಏನೂ ಹಾಳಾಗುವುದಿಲ್ಲ ಎಂಬ ಸಲಹೆ ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಬೆಳಗಾವಿ ಸೀಮೆಯವರಿಗೆ ಇದರಲ್ಲಿ ಹೊಸದು ಮಷಿನ್ ಒಂದೇ. ಉಳಿದದ್ದನ್ನು ಹಿಟ್ಟಿಗೆ ಸೇರಿಸಿ ಹಂಚಿನ ಮೇಲೆ ತಟ್ಟುವ ಥಾಲಿಪೆಟ್ಟು, ಹೋಳಿಗೆಗೆ ಬೇಯಿಸಿದ ಬೇಳೆಯ ಕಟ್ಟನ್ನು ಚೆಲ್ಲದೆ ಮಾಡುವ ಕಟ್ಟಿನ ಸಾರು, ಇವೆಲ್ಲ ಇಲ್ಲಿ ಹಳೆಯ ರೂಢಿ. ಹಾಗೆಂದು ವಾಫಲ್ ಕಂಡು ನಕ್ಕು ಸುಮ್ಮನಾಗಬೇಕಿಲ್ಲ. ಅದು ಉಳಿದ ಅನ್ನವನ್ನು ಹೇಗೆ ಬದಲಿಸುತ್ತದೆಂದು ನೋಡಿದರೆ, ನಾವು ಹೋರಾಡಬೇಕಾದದ್ದು ಅನ್ನದೊಳಗಿನ ನೀರಿನ ಜೊತೆ ಎಂಬುದು ತಿಳಿಯುತ್ತದೆ.

ಖಾನಾಪುರ ಸಹ್ಯಾದ್ರಿಯ ಸೆರಗಿನ ಭತ್ತದ ನಾಡು. ಬೈಲಹೊಂಗಲ, ಸವದತ್ತಿಯ ಕಡೆ ಹೋದರೆ ಜೋಳ. ನಡುವೆ ಬೆಳಗಾವಿ. ಆಟೋ ನಗರದ ಗ್ಯಾರೇಜು, ವರ್ಕ್‌ಶಾಪುಗಳಲ್ಲಿ ಮಧ್ಯಾಹ್ನ ಬಿಚ್ಚುವ ಡಬ್ಬಿಗಳಲ್ಲಿ ಈ ಎರಡೂ ಸೀಮೆಯ ಊಟ ಇರುತ್ತದೆ. ಜೋಳದ ರೊಟ್ಟಿ ಉಳಿದರೆ ಚಿಂತೆಯಿಲ್ಲ. ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ, ಮುರಿದು ಮಜ್ಜಿಗೆಯಲ್ಲಿ ನೆನೆಸಿ ಒಗ್ಗರಣೆ ಕೊಟ್ಟರೆ ಮರುದಿನದ ನಾಷ್ಟಾ. ಬೇಕೆಂದೇ ಒಣಗಿಸಿದ ಕಟಕ ರೊಟ್ಟಿಯಂತೂ ವಾರಗಟ್ಟಲೆ ಕೆಡುವುದಿಲ್ಲ. ಅನ್ನದ ಕತೆ ಬೇರೆ. ಬೆಂದ ಅನ್ನದ ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ನೀರೇ. ತಗಡಿನ ಶೆಡ್ಡಿನ ಕಾವಿನಲ್ಲಿ ಮುಚ್ಚಿಟ್ಟ ಡಬ್ಬಿಯಲ್ಲಿ ಅದು ಸಂಜೆಗೆ ಹಳಸಿ ನೂಲೆಳೆದರೆ ಆಶ್ಚರ್ಯವಿಲ್ಲ. ಒಣಗಿಸಿಡುವ ಜಾಣತನವನ್ನು ರೊಟ್ಟಿಯ ಸೀಮೆ ಕಲಿಸಿತು. ಅನ್ನದ ಊಟ ಹೆಚ್ಚಾದ ಹಾಗೆ ಆ ಜಾಣತನ ಹಿಂದೆ ಸರಿಯಿತು.

ವಾಫಲ್ ಮಾಡುವುದೂ ಒಂದರ್ಥದಲ್ಲಿ ಒಣಗಿಸುವ ಕೆಲಸವೇ. ಫ್ರಿಜ್‌ನಲ್ಲಿಟ್ಟ ಒಂದು ಬಟ್ಟಲು ಅನ್ನವನ್ನು ಕೈಯಿಂದ ಹಿಸುಕಿ, ಅರ್ಧ ಬಟ್ಟಲು ಕಡಲೆಹಿಟ್ಟು ಅಥವಾ ಜೋಳದ ಹಿಟ್ಟು, ಹುಳಿ ಮೊಸರು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಹಾಕಿ ಕಲಸಬೇಕು. ಬೇರೆ ನೀರು ಬೇಡ. ಚೆನ್ನಾಗಿ ಕಾದ ಅಚ್ಚಿಗೆ ಎಣ್ಣೆ ಸವರಿ, ಹಿಟ್ಟು ಹರಡಿ ಮುಚ್ಚಿದರೆ ಅಂಚಿನಿಂದ ಹಬೆ ಭರಭರನೆ ಏಳುತ್ತದೆ. ಹಬೆ ಸಣ್ಣದಾಗುವ ಮೊದಲೇ ಮುಚ್ಚಳ ಎತ್ತಿದರೆ ಅರ್ಧ ಮೇಲೆ, ಅರ್ಧ ಕೆಳಗೆ ಅಂಟಿ ಹರಿಯುತ್ತದೆ. ಹಬೆ ನಿಂತ ಮೇಲೆ ತಾನಾಗಿ ಬಿಡುತ್ತದೆ. ಥಾಲಿಪೆಟ್ಟಿನ ನಡುವೆ ಬೆರಳಿನಿಂದ ತೂತು ಮಾಡಿ ಎಣ್ಣೆ ಬಿಡುವುದೂ ಒಳಗಿನ ತನಕ ಗರಿಯಾಗಿ ಬೇಯಲಿ ಎಂದೇ. ಅದಕ್ಕಾಗಿ ಹೊಸ ಮಷಿನ್ ಕೊಳ್ಳಬೇಕಿಲ್ಲ. ಪಡ್ಡಿನ ಹಂಚು, ರೊಟ್ಟಿಯ ಹಂಚು ಸಾಕು. ಮಕ್ಕಳು ವಾಫಲ್ ಎಂದರೆ ತಿನ್ನುತ್ತಾರೆ, ಥಾಲಿಪೆಟ್ಟು ಎಂದರೆ ಮುಖ ತಿರುವುತ್ತಾರೆ ಎನ್ನುವುದಾದರೆ ಮಾತ್ರ ಆ ಖರ್ಚಿಗೆ ಅರ್ಥ.

ಇದರಿಂದ ಎಷ್ಟು ಉಳಿದೀತು? ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಪೋಲಾದ ಆಹಾರ ಸುಮಾರು 105 ಕೋಟಿ ಟನ್; ಅದರಲ್ಲಿ ನೂರಕ್ಕೆ 60 ಪಾಲು ಮನೆಗಳದ್ದು. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಎಂಬ ಅಂದಾಜಿದೆ. ಈ ಲೆಕ್ಕದಲ್ಲಿ ತಿನ್ನಲಾಗದ ಸಿಪ್ಪೆ, ಮೂಳೆಗಳೂ ಸೇರಿವೆಯಾದ್ದರಿಂದ ವಾಫಲ್ ಅಚ್ಚು ಮುಟ್ಟುವುದು ಅದರ ಒಂದು ಭಾಗವನ್ನಷ್ಟೇ. ಒಂದು ಹಿಡಿ ಅನ್ನ ಉಳಿಸಲು ಮೂರು ಹಿಡಿ ಹಿಟ್ಟು, ಎಣ್ಣೆ ಸುರಿದು, ಆದ ತಿಂಡಿಯೂ ಮಿಕ್ಕಿತೆಂದರೆ ಉಳಿತಾಯ ಎಲ್ಲಿಂದ ಬಂತು ಎಂಬ ಆಕ್ಷೇಪ ನ್ಯಾಯವಾದದ್ದೇ. ಉಳಿದ ಪದಾರ್ಥವೇ ಹೆಚ್ಚು, ಹೊಸದು ಅಂಟಿಸುವಷ್ಟೇ ಇರಬೇಕು, ಮತ್ತು ಅದು ಅಂದಿನ ನಾಷ್ಟಾದ ಬದಲಿಗೆ ಬರಬೇಕು, ಅದರ ಜೊತೆಗಲ್ಲ.

ತಂಗಳು ತಿಂದರೆ ಆರೋಗ್ಯ ಕೆಡುತ್ತದೆ ಎನ್ನುವವರ ಮಾತನ್ನೂ ತಳ್ಳಿಹಾಕಬಾರದು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಹೊರಗೇ ಉಳಿದರೆ ಅವು ಮೊಳೆತು ಬೆಳೆಯುತ್ತವೆ. ಅವುಗಳಲ್ಲಿ ಕೆಲವು ಬಿಡುವ, ವಾಂತಿ ತರಿಸುವ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ವಾಫಲ್ ಎಷ್ಟೇ ಗರಿಗರಿಯಾಗಲಿ, ಕೆಟ್ಟ ಅನ್ನ ಒಳ್ಳೆಯದಾಗದು. ಬೆಂದು ಎರಡು ಗಂಟೆಯೊಳಗೆ ಅಗಲ ತಟ್ಟೆಯಲ್ಲಿ ಆರಿಸಿ ಫ್ರಿಜ್‌ಗೆ ಸೇರಿದ ಅನ್ನಕ್ಕೆ ಮಾತ್ರ ಈ ಉಪಾಯ ಸಲ್ಲುತ್ತದೆ. ದಿನವಿಡೀ ಡಬ್ಬಿಯಲ್ಲಿದ್ದು ಮನೆಗೆ ಮರಳಿದ್ದಕ್ಕೆ ಸಲ್ಲದು.

ಇನ್ನೊಂದು ಆಕ್ಷೇಪಕ್ಕೆ ಮಾತ್ರ ಅಡುಗೆಯ ಉತ್ತರವಿಲ್ಲ. ಬಿಸಿಯದ್ದು ಎಲ್ಲರಿಗೆ, ಉಳಿದದ್ದು ಮನೆಯ ಹೆಂಗಸಿಗೆ ಎಂಬ ಪದ್ಧತಿ ಇನ್ನೂ ಹೋಗಿಲ್ಲ. ಈಗ ಉಳಿದದ್ದಕ್ಕೆ ಚಂದದ ರೂಪ ಕೊಡುವ ಕೆಲಸವೂ ಅವಳ ಹೆಗಲಿಗೇ ಬಿದ್ದರೆ, ಉಳಿತಾಯದ ಬೆಲೆ ತೆರುವವಳು ಒಬ್ಬಳೇ. ಹೀಗಾಗಿ ಡಬ್ಬಿ ಒಯ್ಯುವವರಿಗೊಂದು ವಿನಂತಿ: ಎಷ್ಟು ಅನ್ನ ಬೇಕೆಂದು ಬೆಳಿಗ್ಗೆಯೇ ಹೇಳಿ ಕಟ್ಟಿಸಿಕೊಳ್ಳಿ, ರಾತ್ರಿ ಮಿಕ್ಕಿದ್ದನ್ನು ಆರಿಸಿ ಎತ್ತಿಡುವ ಕೆಲಸ ನೀವು ಮಾಡಿ, ಮರುದಿನ ಅದರಿಂದಾದ ಥಾಲಿಪೆಟ್ಟನ್ನೋ ವಾಫಲನ್ನೋ ಮನೆಯವರೆಲ್ಲ ಕೂಡಿ ತಿನ್ನಿ.