ವ್ಯೋಮಯುದ್ಧಕ್ರೀಡೆಯಲ್ಲಿ ವೇಗ-ಗುರುತ್ವ ವಿಚಾರ

ಕೆಲವು ತಿಂಗಳ ಹಿಂದೆ ತರ್ಕಸಂಗ್ರಹದ ಗುಣಪ್ರಕರಣವನ್ನು ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿಯೊಬ್ಬನು, “ಗುರುಗಳೇ, ಪತನಕ್ಕೆ ಕಾರಣವಾದ ಗುಣವೇ ಗುರುತ್ವವೆಂದು ಅಪ್ಪಣೆ ಕೊಡಿಸಿದಿರಿ. ಅಂತರಿಕ್ಷದಲ್ಲಿ ಗಗನಯಾತ್ರಿಗಳು ಬೀಳದೆ ತೇಲುತ್ತಾರಲ್ಲ. ಅವರ ಶರೀರದ ಗುರುತ್ವವು ಎಲ್ಲಿಗೆ ಹೋಯಿತು?” ಎಂದು ಕೇಳಿದನು. “ಅಲ್ಲಿ ಗುರುತ್ವವು ಶೂನ್ಯವಾಗುತ್ತದೆ” ಎಂದು ನಾನು ಆ ಕ್ಷಣಕ್ಕೆ ತೋರಿದ ಸಮಾಧಾನವನ್ನು ಹೇಳಿಬಿಟ್ಟೆನು. ಆ ಸಮಾಧಾನವು ತಪ್ಪು. ತಪ್ಪೆಂದು ನನಗೆ ಮನವರಿಕೆಯಾದುದು ಗ್ರಂಥಾವಲೋಕನದಿಂದಲ್ಲ; ಅದೇ ವಿದ್ಯಾರ್ಥಿಯು ತನ್ನ ಗೆಳೆಯರೊಡನೆ ಮೇಜಿನ ಮೇಲೆ ಆಡುತ್ತಿದ್ದ ಒಂದು ಆಟದಿಂದ. ಗಗನಯಾತ್ರಿಗಳ ಆಕಾರದ ಕಿರುಬೊಂಬೆಗಳನ್ನು ಎದುರುಬದುರಾಗಿ ನಿಲ್ಲಿಸಿ, ಭಾರವಿಲ್ಲದ ಅಂತರಿಕ್ಷದಲ್ಲಿ ಅವರು ಯುದ್ಧಮಾಡುವರೆಂದು ಕಲ್ಪಿಸಿಕೊಂಡು ಆಡುವ ಆಟವದು. ಇದನ್ನು ಬಾಲಲೀಲೆಯೆಂದು ಕಡೆಗಣಿಸದೆ, ಇದರಿಂದ ನಮ್ಮ ಪರಿಭಾಷೆಗೆ ಆಗಬಹುದಾದ ಪ್ರಯೋಜನವನ್ನು ವಿದ್ವಜ್ಜನರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ.

೧. ಕ್ರೀಡೆಯ ವಂಶಕ್ರಮ

ಯುದ್ಧವನ್ನು ಫಲಕಕ್ಕೆ ಇಳಿಸುವ ವಿದ್ಯೆಯು ನಮ್ಮ ದೇಶಕ್ಕೆ ಹೊಸತಲ್ಲ. ಗಜ, ತುರಗ, ರಥ, ಪದಾತಿಗಳೆಂಬ ನಾಲ್ಕು ಅಂಗಗಳಿಂದಲೇ ಚತುರಂಗಕ್ಕೆ ಆ ಹೆಸರು ಬಂದಿತು. ೭ನೆಯ ಶತಮಾನದ ಬಾಣಭಟ್ಟನು ಹರ್ಷಚರಿತದಲ್ಲಿ ಅದನ್ನು ಉಲ್ಲೇಖಿಸಿರುವನು. ೧೨ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದ ಕ್ರೀಡಾಭಾಗದಲ್ಲಿ ಅದಕ್ಕೆ ಸ್ಥಾನಕೊಟ್ಟಿರುವುದು ಕನ್ನಡಿಗರು ನೆನೆಯತಕ್ಕ ಸಂಗತಿ. ಆದರೆ ಚದುರಂಗದ ಮಣೆಯಲ್ಲಿ ಹಳ್ಳದಿಣ್ಣೆಗಳಿಲ್ಲ. ಹೊಡೆದ ಕಾಯಿ ಸಾಯಲೇಬೇಕು. ಪ್ರಹಾರದ ಫಲದಲ್ಲಿ ಸಂಶಯಕ್ಕೆ ಎಡೆಯಿಲ್ಲ.

ಈ ಎರಡು ಕೊರತೆಗಳನ್ನು ತುಂಬಿದವರು ಪ್ರಷ್ಯಾ ದೇಶದ ಸೇನಾಧಿಕಾರಿಗಳು. ೧೮೨೪ರಲ್ಲಿ ಫಾನ್ ರೈಸ್‌ವಿಟ್ಸ್ ಎಂಬ ಯುವಕ ಸೇನಾನಿಯು, ತನ್ನ ತಂದೆಯು ೧೮೧೨ರಲ್ಲಿ ಅರಸನಿಗೆ ಒಪ್ಪಿಸಿದ್ದ ಆಟವನ್ನು ತಿದ್ದಿ, ‘ಕ್ರೀಗ್ಸ್‌ಷ್ಪೀಲ್’ ಎಂಬ ಹೆಸರಿನಿಂದ ನಿಯಮಗಳನ್ನು ಪ್ರಕಟಿಸಿದನು. ಅದರಲ್ಲಿ ಚೌಕದ ಮನೆಗಳ ಬದಲು ನಿಜವಾದ ಭೂಪಟ, ಪ್ರಹಾರದ ಫಲವನ್ನು ನಿರ್ಣಯಿಸಲು ದಾಳ, ವಿವಾದವನ್ನು ತೀರಿಸಲು ಮಧ್ಯಸ್ಥ ಎಂಬ ಮೂರು ಹೊಸ ಅಂಗಗಳು ಬಂದುವು. ಮುಂದೆ ೧೯೧೩ರಲ್ಲಿ ಆಂಗ್ಲ ಗ್ರಂಥಕರ್ತ ಎಚ್. ಜಿ. ವೆಲ್ಸ್‌ನು ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕದಲ್ಲಿ, ಸೇನಾಧಿಕಾರಿಗಳ ಈ ಅಭ್ಯಾಸವನ್ನು ಮನೆಯ ನೆಲದ ಮೇಲೆ ಬೊಂಬೆಯ ಸಿಪಾಯಿಗಳಿಂದ ಆಡುವ ವಿನೋದವನ್ನಾಗಿ ಮಾಡಿದನು. ೧೯೦೧ರ ತನ್ನ ಚಂದ್ರಯಾತ್ರೆಯ ಕಾದಂಬರಿಯಲ್ಲಿ ಭಾರಹೀನರಾಗಿ ತೇಲುವ ಮನುಷ್ಯರನ್ನು ವರ್ಣಿಸಿದವನೂ ಅವನೇ. ಬೊಂಬೆಯ ಯುದ್ಧ, ಭಾರಹೀನ ಯಾತ್ರೆ ಎಂಬ ಎರಡು ಎಳೆಗಳು ಒಬ್ಬನ ಲೇಖನಿಯಲ್ಲಿ ಬೇರೆಬೇರೆಯಾಗಿಯೇ ಉಳಿದುವು; ಅವು ಒಂದಾಗಿ ಹೆಣೆದುಕೊಂಡುದು ಮನುಷ್ಯನು ನಿಜವಾಗಿ ಅಂತರಿಕ್ಷಕ್ಕೆ ಏರಿದ ಮೇಲೆ.

೨. ಸ್ಥಾನವೂ ವೇಗವೂ

ಚದುರಂಗದ ಕಾಯಿಗೆ ಸ್ಥಾನವೊಂದೇ ಲಕ್ಷಣ. ಆನೆಯು ಹಿಂದಿನ ನಡೆಯಲ್ಲಿ ಆರು ಮನೆ ಓಡಿಬಂದಿತೋ, ಹತ್ತು ನಡೆಗಳಿಂದ ಅಲ್ಲಿಯೇ ನಿಂತಿದ್ದಿತೋ ಎಂಬುದನ್ನು ಮಣೆಯು ಕೇಳುವುದಿಲ್ಲ. ಕೋಟೆ ಕಟ್ಟುವುದೇ ಮೊದಲಾದ ಒಂದೆರಡು ಅಪವಾದಗಳನ್ನು ಬಿಟ್ಟರೆ, ಕಾಯಿಗೆ ಪೂರ್ವವೃತ್ತಾಂತವೆಂಬುದಿಲ್ಲ. ಭೂಮಿಯ ಮೇಲಿನ ಪದಾತಿಯ ವಿಷಯದಲ್ಲಿ ಇದು ದೊಡ್ಡ ದೋಷವಲ್ಲ. ಅವನು ನಿಲ್ಲಬೇಕೆಂದಾಗ ನೆಲವು ಅವನನ್ನು ನಿಲ್ಲಿಸುತ್ತದೆ. ಅಂತರಿಕ್ಷದಲ್ಲಿ ನಿಲ್ಲಿಸತಕ್ಕ ನೆಲವೂ ಇಲ್ಲ, ತಡೆಯತಕ್ಕ ಗಾಳಿಯೂ ಇಲ್ಲ. ಒಮ್ಮೆ ಹೊರಟದ್ದು ಹೊರಟೇ ಇರುತ್ತದೆ.

ಈ ತತ್ತ್ವವನ್ನು ಮೇಜಿನ ಮೇಲೆ ಸ್ಪಷ್ಟವಾಗಿ ತೋರಿದ ಆಟಗಳಲ್ಲಿ ಅಮೆರಿಕದಲ್ಲಿ ೧೯೭೩ರಲ್ಲಿ ಪ್ರಕಟವಾದ ‘ಟ್ರೈಪ್ಲಾನೆಟರಿ’ ಪ್ರಸಿದ್ಧವಾದುದು. ಷಟ್ಕೋಣದ ಮನೆಗಳಿರುವ ಪಟದ ಮೇಲೆ ನೌಕೆಯ ನಡೆಯನ್ನು ಅಳಿಸಬಹುದಾದ ಸೀಸದಿಂದ ಬಾಣವಾಗಿ ಗೀಚುತ್ತಾರೆ. ಮುಂದಿನ ಸುತ್ತಿನಲ್ಲಿ ಅದೇ ದಿಕ್ಕಿಗೆ ಅಷ್ಟೇ ದೂರದ ಬಾಣವು ತಾನಾಗಿ ಬರುತ್ತದೆ. ಇಂಧನವನ್ನು ವ್ಯಯಮಾಡಿದರೆ ಮಾತ್ರ ಬಾಣದ ತುದಿಯನ್ನು ಒಂದು ಮನೆ ಆಚೀಚೆ ಮಾಡಬಹುದು. ೧೯೭೮ರ ‘ಮೇಡೇ’ ಎಂಬ ಆಟವು ಇದನ್ನೇ ಇನ್ನೊಂದು ಬಗೆಯಿಂದ ಸಾಧಿಸಿತು: ಅಲ್ಲಿ ಒಂದೊಂದು ನೌಕೆಗೂ ಮೂರು ಬಿಲ್ಲೆಗಳು, ಒಂದು ಭೂತಸ್ಥಾನಕ್ಕೆ, ಒಂದು ವರ್ತಮಾನಕ್ಕೆ, ಒಂದು ಭವಿಷ್ಯತ್ತಿಗೆ. ವ್ಯಾಕರಣದ ಮೂರು ಕಾಲಗಳು ಫಲಕದ ಮೇಲೆ ಸಾಲಾಗಿ ಕುಳಿತಂತೆ ಇದು ನನಗೆ ಕಂಡಿತು.

ವೈಶೇಷಿಕರು ಸಂಸ್ಕಾರವೆಂಬ ಗುಣವನ್ನು ವೇಗ, ಭಾವನಾ, ಸ್ಥಿತಿಸ್ಥಾಪಕ ಎಂದು ಮೂರಾಗಿ ವಿಭಾಗಿಸಿದ್ದಾರೆ. ಅನುಭವವು ಆತ್ಮದಲ್ಲಿ ಉಳಿಸುವ ಶೇಷವು ಭಾವನೆ. ಕ್ರಿಯೆಯು ಮೂರ್ತದ್ರವ್ಯದಲ್ಲಿ ಉಳಿಸುವ ಶೇಷವು ವೇಗ. ಸ್ಮರಣೆಗೆ ಕಾರಣವಾದುದನ್ನೂ ಚಲನೆಯ ಸಂತತಿಗೆ ಕಾರಣವಾದುದನ್ನೂ ಒಂದೇ ಹೆಸರಿನಡಿ ಏಕೆ ಇಟ್ಟರೆಂಬುದು ನನಗೆ ಬಹುಕಾಲ ಒಗಟಾಗಿದ್ದಿತು. ಮೂರು ಬಿಲ್ಲೆಗಳ ಆಟವನ್ನು ಕಂಡಾಗ ಅದು ಬಿಡಿಸಿಕೊಂಡಿತು: ವೇಗವುಳ್ಳ ಕಾಯಿಯೆಂದರೆ ತನ್ನ ಹಿಂದಿನ ನಡೆಯನ್ನು ಮರೆಯದ ಕಾಯಿ.

ಮರೆಯದಿರುವುದರ ಕಷ್ಟವನ್ನು ನಾನೇ ಅನುಭವಿಸಿದೆನು. ಹುಡುಗರು ನನ್ನ ಕೈಗೊಂದು ಬೊಂಬೆಯನ್ನು ಕೊಟ್ಟು, ಏಳು ಮನೆ ದೂರದಲ್ಲಿದ್ದ ನೌಕೆಯ ಬಾಗಿಲನ್ನು ಹಿಡಿಯಬೇಕೆಂದರು. ಒಂದೊಂದು ಸುತ್ತಿಗೂ ವೇಗವನ್ನು ಒಂದು ಮನೆಯಷ್ಟು ಹೆಚ್ಚಿಸಬಹುದು, ಇಲ್ಲವೆ ತಗ್ಗಿಸಬಹುದು. ನಾನು ಉತ್ಸಾಹದಿಂದ ಮೂರು ಸುತ್ತು ಹೆಚ್ಚಿಸಿ, ಒಂದು, ಎರಡು, ಮೂರು ಎಂದು ಆರು ಮನೆ ಕಳೆದೆನು. ಬಾಗಿಲು ಒಂದೇ ಮನೆಯಾಚೆ ಇದ್ದಿತು. ನಾಲ್ಕನೆಯ ಸುತ್ತಿನಲ್ಲಿ ವೇಗವನ್ನು ತಗ್ಗಿಸಿದರೂ ಇನ್ನೂ ಎರಡು ಉಳಿದಿದ್ದುದರಿಂದ ಬೊಂಬೆಯು ಬಾಗಿಲನ್ನು ದಾಟಿ ಎಂಟನೆಯ ಮನೆಗೆ ಹೋಯಿತು. ಬಳಿಕ ಒಂಬತ್ತನೆಯ ಮನೆಯಲ್ಲಿ ನಿಂತಿತು. ಅಷ್ಟರಲ್ಲಿ ಎದುರಾಳಿಯ ದಾಳವು ಅನುಕೂಲವಾಗಿ ಬಿದ್ದು ನನ್ನ ಯೋಧನು ಮಡಿದನು. ಹೊರಡುವ ಮೊದಲೇ ನಿಲ್ಲುವುದನ್ನು ಆಲೋಚಿಸತಕ್ಕದ್ದೆಂಬುದು ಈ ಕ್ರೀಡೆಯ ಪ್ರಥಮ ಸೂತ್ರ.

೩. ಒದೆತ, ಭ್ರಮಣ, ಆಸರೆ

ನೌಕೆಯನ್ನು ಬಿಟ್ಟು ಒಬ್ಬೊಬ್ಬ ಯೋಧನನ್ನೇ ಕಾಯಿಯಾಗಿ ಮಾಡಿದಾಗ ಮತ್ತಷ್ಟು ಸೂಕ್ಷ್ಮಗಳು ಸೇರುತ್ತವೆ. ಮದ್ದಿನಲ್ಲಿಯೇ ದಹನಕ್ಕೆ ಬೇಕಾದ ಆಮ್ಲಜನಕವು ಅಡಗಿರುವುದರಿಂದ ಗಾಳಿಯಿಲ್ಲದೆಡೆಯಲ್ಲಿಯೂ ಬಂದೂಕು ಹಾರುತ್ತದೆ. ಆದರೆ ಹಾರಿಸಿದವನು ಹಿಂದಕ್ಕೆ ಸರಿಯುತ್ತಾನೆ. ೪ ಗ್ರಾಂ ಗುಂಡು ಸೆಕೆಂಡಿಗೆ ೯೦೦ ಮೀಟರು ವೇಗದಿಂದ ಹೊರಟು, ದಿರಿಸುಸಹಿತನಾದ ಯೋಧನ ದ್ರವ್ಯರಾಶಿಯು ೨೦೦ ಕಿಲೋಗ್ರಾಂ ಇದ್ದರೆ, ಗುಂಡೊಂದರಿಂದಲೇ ಅವನಿಗೆ ಸೆಕೆಂಡಿಗೆ ಸುಮಾರು ೧.೮ ಸೆಂಟಿಮೀಟರಿನ ಹಿಂಚಲನೆ ಬರುತ್ತದೆ. ಇದು ಅಲ್ಪವೆಂದು ತೋರಬಹುದು. ಹತ್ತು ಗುಂಡು ಹಾರಿಸಿದವನು ಏನನ್ನೂ ಹಿಡಿದುಕೊಳ್ಳದಿದ್ದರೆ ಒಂದು ನಿಮಿಷದಲ್ಲಿ ಸುಮಾರು ೧೧ ಮೀಟರು ದೂರ ಹೋಗಿರುತ್ತಾನೆ. ಇದಕ್ಕಿಂತಲೂ ವಿಷಮವಾದುದು ಭ್ರಮಣ. ಬಂದೂಕು ಹೆಗಲಿನಲ್ಲಿದ್ದು ಶರೀರದ ಭಾರಕೇಂದ್ರವು ಕೆಳಗಿರುವುದರಿಂದ ಒದೆತವು ಅವನನ್ನು ಹಿಂದಕ್ಕೆ ತಳ್ಳುವುದಲ್ಲದೆ ಬುಗುರಿಯಂತೆ ತಿರುಗಿಸುತ್ತದೆ. ಎರಡನೆಯ ಗುಂಡಿಗೆ ಗುರಿಯೇ ತಪ್ಪುತ್ತದೆ.

ಇವು ಕೇವಲ ಕಲ್ಪನೆಗಳಲ್ಲ. ೧೯೬೬ರ ಜೂನ್ ತಿಂಗಳಲ್ಲಿ ಜೆಮಿನಿ ೯ಎ ನೌಕೆಯಿಂದ ಹೊರಬಂದ ಸೆರ್ನನ್ ಎಂಬ ಗಗನಯಾತ್ರಿಯು ಹಿಡಿಯಲು ತಕ್ಕ ಆಸರೆಯಿಲ್ಲದೆ, ಸಣ್ಣ ಕೆಲಸಕ್ಕೂ ಶರೀರವೆಲ್ಲ ತಿರುಗುತ್ತಿರಲು, ಬಹಳವಾಗಿ ಬಳಲಿದನು. ಅದೇ ವರ್ಷದ ನವೆಂಬರಿನಲ್ಲಿ ಜೆಮಿನಿ ೧೨ರ ಆಲ್ಡ್ರಿನ್ ನೀರಿನೊಳಗೆ ಅಭ್ಯಾಸಮಾಡಿ, ಹಿಡಿಕಂಬಿಗಳನ್ನೂ ಪಾದಗಳಿಗೆ ಬಿಗಿಯನ್ನೂ ಉಪಯೋಗಿಸಿ, ಕೆಲಸವನ್ನು ಸುಸೂತ್ರವಾಗಿ ಮುಗಿಸಿದನು. ೧೯೮೪ರ ಫೆಬ್ರವರಿ ೭ರಂದು ಮೆಕ್ಯಾಂಡ್ಲೆಸ್ ಎಂಬವನು ಬೆನ್ನಿಗೆ ಕಟ್ಟಿದ ಸಾರಜನಕದ ಯಂತ್ರದಿಂದ, ಹಗ್ಗದ ಕಟ್ಟಿಲ್ಲದೆ, ನೌಕೆಯಿಂದ ಸುಮಾರು ೯೮ ಮೀಟರು ದೂರ ಹೋಗಿ ಹಿಂದಿರುಗಿದನು. ಯುದ್ಧಸಾಧನವೂ ಒಮ್ಮೆ ಮೇಲೇರಿದ್ದುಂಟು: ೧೯೭೪ರಲ್ಲಿ ಸೋವಿಯತ್ ದೇಶವು ಹಾರಿಸಿದ ಸಲ್ಯೂತ್ ೩ ನಿಲ್ದಾಣದಲ್ಲಿ ಒಂದು ತೋಪು ಇದ್ದಿತು, ಅದು ನಿಲ್ದಾಣದ ಒಡಲಿಗೇ ಬಿಗಿಯಲ್ಪಟ್ಟಿದ್ದುದರಿಂದ ಗುರಿಯಿಡಲು ನಿಲ್ದಾಣವನ್ನೇ ತಿರುಗಿಸಬೇಕಾಗಿದ್ದಿತು.

ಆದುದರಿಂದ ಈ ಕ್ರೀಡೆಯಲ್ಲಿ ಶೂರನಾದವನು ಹೆಚ್ಚು ಹಾರಿಸುವವನಲ್ಲ, ಆಸರೆಯನ್ನು ಮೊದಲು ಹಿಡಿದವನು. ವೇಗವು ಸ್ಪರ್ಶವುಳ್ಳ ದ್ರವ್ಯದ ಸಂಯೋಗವಿಶೇಷದಿಂದ ನಾಶವಾಗುತ್ತದೆಂದು ಪ್ರಶಸ್ತಪಾದರು ಹೇಳಿರುವುದನ್ನು ಇಲ್ಲಿ ನೆನೆಯಬಹುದು. ಇನ್ನು ಮೇಲು ಕೆಳಗುಗಳ ಪ್ರಶ್ನೆಯು ಉಳಿಯಿತು. ಮೇಜಿಗೆ ಉದ್ದ ಅಗಲಗಳು ಮಾತ್ರ ಉಂಟು. ಅಂತರಿಕ್ಷಕ್ಕೆ ಎತ್ತರವೂ ಉಂಟು. ಬಹುಮಂದಿ ಆಟಗಾರರು ಎತ್ತರವನ್ನು ಬಿಟ್ಟೇ ಆಡುತ್ತಾರೆ. ೨೦೦೪ರಲ್ಲಿ ಪ್ರಕಟವಾದ ‘ಅಟ್ಯಾಕ್ ವೆಕ್ಟರ್: ಟ್ಯಾಕ್ಟಿಕಲ್’ ಎಂಬ ನೌಕಾಯುದ್ಧದ ಆಟದಲ್ಲಿಯಾದರೋ ಕಾಯಿಯ ಕೆಳಗೆ ಬಿಲ್ಲೆಗಳನ್ನು ಒಟ್ಟಿ ಎತ್ತರವನ್ನೂ, ಓರೆಯ ಅಚ್ಚುಗಳಿಂದ ವಾಲುವಿಕೆಯನ್ನೂ ಸೂಚಿಸುತ್ತಾರೆ.

೪. ಗುರುತ್ವಶಬ್ದದ ವಿಚಾರ

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರುವೆನು. ಭೂಮಿಯಿಂದ ೪೦೦ ಕಿಲೋಮೀಟರು ಎತ್ತರದಲ್ಲಿ ಭೂಮಿಯ ಆಕರ್ಷಣವು ನೆಲದ ಮೇಲಿರುವುದರ ಶೇಕಡ ೮೮ಕ್ಕಿಂತ ಕಡಮೆಯಿಲ್ಲ. ಗಗನಯಾತ್ರಿಯು ಅಲ್ಲಿ ಬೀಳುತ್ತಲೇ ಇದ್ದಾನೆ. ಸೆಕೆಂಡಿಗೆ ಸುಮಾರು ೭.೭ ಕಿಲೋಮೀಟರಿನಂತೆ ಅಡ್ಡಲಾಗಿ ಓಡುತ್ತಿರುವುದರಿಂದ, ಅವನು ಬೀಳುವಷ್ಟಕ್ಕೆ ಸರಿಯಾಗಿ ಗುಂಡಗಿನ ಭೂಮಿಯೂ ಅವನ ಕೆಳಗೆ ಬಾಗಿಹೋಗುತ್ತದೆ. ನೆಲವು ಎಂದಿಗೂ ಸಿಕ್ಕದು. ನೌಕೆಯೂ ಅವನೂ ಕೂಡಿ ಬೀಳುತ್ತಿರುವುದರಿಂದ ಒಂದನ್ನೊಂದು ಒತ್ತುವುದಿಲ್ಲ. ಶೂನ್ಯವಾದುದು ಗುರುತ್ವವಲ್ಲ, ಆಧಾರಸಂಯೋಗ. ಸಂಯೋಗವಿಲ್ಲದಾಗ ಗುರುತ್ವದಿಂದ ಪತನವೆಂಬುದು ಕಣಾದರ ಅಭಿಪ್ರಾಯ. ಇದನ್ನು ಪಾಠಹೇಳುತ್ತಲೇ ಬಂದಿದ್ದ ನಾನು, ಕೇಳಿದಾಗ ಮಾತ್ರ ಮರೆತೆನು.

ಭಾರವೆಂಬುದು ನಮ್ಮ ಅನುಭವಕ್ಕೆ ಬರುವುದು ಆಧಾರವು ನಮ್ಮನ್ನು ಎದುರೊತ್ತುವುದರಿಂದ. ಹೆಗಲಿನ ಮೂಟೆಯಲ್ಲಿ ಭಾರವುಂಟು, ಮೂಟೆಯೊಡನೆ ಬಾವಿಗೆ ಬೀಳುತ್ತಿರುವವನಿಗೆ ಅದರ ಭಾರವಿಲ್ಲ. ಆದಕಾರಣ ‘ಶೂನ್ಯಗುರುತ್ವ’ವೆಂಬ ಪ್ರಯೋಗವನ್ನು ಬಿಟ್ಟು ‘ನಿರ್ಭಾರಸ್ಥಿತಿ’ಯೆಂಬುದನ್ನು ಬಳಸುವುದು ಉಚಿತವೆಂದು ನನ್ನ ಅಭಿಪ್ರಾಯ. ಪದವು ತಪ್ಪಾದರೆ ಪದಾರ್ಥಜ್ಞಾನವೂ ತಪ್ಪುತ್ತದೆಂಬುದಕ್ಕೆ ನನ್ನ ಉತ್ತರವೇ ನಿದರ್ಶನ.

ಇಷ್ಟರಿಂದ ನವೀನ ಭೌತಶಾಸ್ತ್ರವೆಲ್ಲವೂ ನಮ್ಮ ದರ್ಶನಗಳಲ್ಲಿ ಇದ್ದಿತೆಂದು ಯಾರೂ ಹಿಗ್ಗಬಾರದು. ವೈಶೇಷಿಕರ ಗುರುತ್ವವು ಪೃಥಿವೀಜಲಗಳಲ್ಲಿ ಮಾತ್ರ ಇರುವ ಗುಣ. ನ್ಯೂಟನ್ನನದು ಸಕಲ ದ್ರವ್ಯಗಳ ಪರಸ್ಪರ ಆಕರ್ಷಣ. ವೈಶೇಷಿಕರಿಗೆ ಚಲನೆಯು ಮುಂದುವರಿಯಲು ವೇಗವೆಂಬ ಕಾರಣ ಬೇಕು. ನ್ಯೂಟನ್ನನ ಮತದಲ್ಲಿ ಮುಂದುವರಿಯುವುದಕ್ಕೆ ಕಾರಣವೇ ಬೇಡ, ಬದಲಾವಣೆಗೆ ಮಾತ್ರ ಬೇಕು. ಈ ಭೇದವನ್ನು ಮುಚ್ಚಿಡುವುದು ಎರಡು ಶಾಸ್ತ್ರಗಳಿಗೂ ಅಪಚಾರ. ಪೂರ್ವರು ಕಡೆದಿಟ್ಟ ಶಬ್ದಗಳು ನಮಗೆ ಉಪಕರಣಗಳು. ಅವುಗಳ ಹರಿತವನ್ನು ಬಲ್ಲವನೇ ಹೊಸ ವಸ್ತುವಿಗೆ ಅವನ್ನು ಹಚ್ಚಬಲ್ಲನು.

೫. ಉಪಸಂಹಾರ

೧೯೬೭ರ ಅಂತರಿಕ್ಷ ಒಪ್ಪಂದವು ಭೂಮಿಯ ಕಕ್ಷೆಯಲ್ಲಿ ಪರಮಾಣ್ವಸ್ತ್ರಗಳನ್ನು ಇರಿಸುವುದನ್ನೂ ಚಂದ್ರಾದಿ ಗೋಳಗಳಲ್ಲಿ ಸೇನಾನೆಲೆಗಳನ್ನು ಕಟ್ಟುವುದನ್ನೂ ನಿಷೇಧಿಸಿದೆ. ಎಲ್ಲ ಆಯುಧಗಳನ್ನೂ ನಿಷೇಧಿಸಿಲ್ಲ. ವೆಲ್ಸ್‌ನು ಬೊಂಬೆಯ ಯುದ್ಧವೇ ದೊಡ್ಡ ಯುದ್ಧಕ್ಕಿಂತ ಮೇಲೆಂದು ಬರೆದ ಮರುವರ್ಷವೇ, ೧೯೧೪ರಲ್ಲಿ, ಮಹಾಯುದ್ಧವು ಹೊತ್ತಿಕೊಂಡಿತು. ಗಗನಯಾತ್ರಿಗಳ ಯುದ್ಧವು ಮೇಜನ್ನು ಬಿಟ್ಟು ಮೇಲೇರದಿರಲೆಂದು ಹಾರೈಸೋಣ.

ವಿದ್ಯಾರ್ಥಿಯನ್ನು ಮರುದಿನವೇ ಕರೆದು ನನ್ನ ಉತ್ತರವನ್ನು ತಿದ್ದಿದೆನು. “ಹಾಗಾದರೆ ಗುರುತ್ವವು ಅಲ್ಲಿಯೂ ಉಂಟು, ಕೆಳಗೆ ಹಿಡಿಯುವವರು ಮಾತ್ರ ಇಲ್ಲ ಅಲ್ಲವೇ, ಗುರುಗಳೇ?” ಎಂದನು. ಕನ್ನಡದಲ್ಲಿ ಇದಕ್ಕಿಂತ ತಿಳಿಯಾಗಿ ಹೇಳಲು ನನಗೆ ತೋರಲಿಲ್ಲ.