ಚಲೋ ಕಣ್ಣಿಗೇ ಪಟ್ಟಿ

ಹುಬ್ಬಳ್ಳಿಯ ಕಣ್ಣಾಸ್ಪತ್ರೆಯೊಂದರ ಮಕ್ಕಳ ವಿಭಾಗ. ಸೋಮವಾರ ಬೆಳಿಗ್ಗೆ ಹತ್ತಕ್ಕೇ ಬೆಂಚುಗಳೆಲ್ಲ ತುಂಬಿವೆ. ನವಲಗುಂದ, ಹಾನಗಲ್ಲ, ರೋಣದ ಕಡೆಯಿಂದ ಮೊದಲ ಬಸ್ಸಿಗೆ ಹೊರಟು ಬಂದವರು. ಕೈಚೀಲದಲ್ಲಿ ರೊಟ್ಟಿಗಂಟು, ಮಡಿಕೆ ಹರಿದ ಹಳೆಯ ಚೀಟಿ, ನೀರಿನ ಬಾಟಲಿ. ಪಾಪೆ ಹಿಗ್ಗಲೆಂದು ಹನಿ ಹಾಕಿಸಿಕೊಂಡ ಮಕ್ಕಳು ಯಾರೆಂದು ಕೇಳಬೇಕಿಲ್ಲ. ಕಿಟಕಿಗೆ ಬೆನ್ನು ಹಾಕಿ, ಅವ್ವನ ಸೆರಗಿನಲ್ಲಿ ಮುಖ ಹುದುಗಿಸಿ ಕೂತಿವೆ. ಹನಿಯ ಗುಣಕ್ಕೆ ಹತ್ತಿರದ್ದೆಲ್ಲ ಮಸುಕು. ಮಕ್ಕಳು ತಾವಾಗಿಯೇ ಮೊಬೈಲ್ ವಾಪಸು ಕೊಡುವ ಜಾಗ ಊರಲ್ಲಿ ಬಹುಶಃ ಇದೊಂದೇ.

ಒಳಗೆ ನಾಲ್ಕು ವರ್ಷದ ಹುಡುಗನೊಬ್ಬ ಅಜ್ಜಿಯ ತೊಡೆ ಮೇಲೆ. ಪಕ್ಕದಲ್ಲಿ ಅವ್ವ. ಡಾಕ್ಟರು ಪೀಂಪೀಂ ಎನ್ನುವ ಗೊಂಬೆ ಒತ್ತಿ ಅವನ ನೋಟ ಹಿಡಿದು, ಟಾರ್ಚ್ ಬೆಳಕು ಬಿಟ್ಟರು. ನೆಟ್ಟಗಿರುವ ಕಣ್ಣುಗಳಾದರೆ ಬೆಳಕಿನ ಚುಕ್ಕಿ ಎರಡೂ ಪಾಪೆಗಳ ನಡುವೆ ಒಂದೇ ರೀತಿ ಕೂರುತ್ತದೆ. ಇವನ ಬಲಗಣ್ಣಿನಲ್ಲಿ ಸರಿಯಾಗಿದೆ. ಎಡಗಣ್ಣಿನಲ್ಲಿ ಕಿವಿಯ ಕಡೆಗೆ ಜಾರಿದೆ. ಅಂದರೆ ಆ ಕಣ್ಣು ಮೂಗಿನತ್ತ ತಿರುಗಿದೆ. ಬಲಗಣ್ಣನ್ನು ಮುಚ್ಚಿದ್ದೇ ತಡ, ಎಡಗಣ್ಣು ಸರಕ್ಕನೆ ಹೊರಗೆ ಸರಿದು ಗೊಂಬೆಯನ್ನು ಹುಡುಕಿತು. ಹುಡುಗ ಡಾಕ್ಟರ ಕೈಯನ್ನು ತಳ್ಳಿದ. ಬಲಗಣ್ಣು ಮುಚ್ಚಿದರೆ ಸಿಟ್ಟು, ಎಡಗಣ್ಣು ಮುಚ್ಚಿದರೆ ಏನೂ ಇಲ್ಲ. ಮಾತು ಬಾರದ ಕೂಸೂ ತನಗೆ ಯಾವ ಕಣ್ಣು ಬೇಕೆಂದು ಹೀಗೇ ಹೇಳುತ್ತದೆ.

"ಎರಡು ವರ್ಷದಾಂವ ಇದ್ದಾಗಿಂದ ಹಿಂಗ ಐತ್ರಿ ಡಾಕ್ಟರಬಾಯಾರ," ಅಜ್ಜಿ ಶುರುಮಾಡಿದರು. "ಮಂದಿ ಅದೃಷ್ಟದ ಕಣ್ಣು ಅಂತಾರ. ಇವನ ಅಪ್ಪಗ ನೌಕರಿ ಹತ್ತಿದ್ದೂ ಆವಾಗೇ."

"ಅದೃಷ್ಟ ಇರ್ಲಿ ಆಯಿ, ನೋಟನೂ ಇರ್ಬೇಕಲ್ಲ," ಎಂದರು ಡಾಕ್ಟರು, ಚೀಟಿಯಲ್ಲಿ ಬರೆಯುತ್ತಲೇ.

ಎಳೆಗೂಸಿನ ಕಣ್ಣು ಮೊದಲ ಮೂರು ತಿಂಗಳು ಆಗಾಗ ಅತ್ತಿತ್ತ ಓಡುವುದುಂಟು. ಮೂಗಿನ ಬುಡ ಅಗಲವಾಗಿದ್ದರೆ ನೆಟ್ಟಗಿನ ಕಣ್ಣೂ ಓರೆಯಾಗಿ ಕಾಣುವುದುಂಟು. ನಾಲ್ಕು ತಿಂಗಳು ದಾಟಿದ ಮೇಲೂ ಕಣ್ಣು ತಿರುಗುತ್ತಿದ್ದರೆ ತೋರಿಸಲೇಬೇಕು. 'ಮೆಳ್ಳ' ಎಂದು ಓಣಿಯ ಹುಡುಗರು ಅಡ್ಡಹೆಸರಿಟ್ಟು ಕಾಡುವುದು ಕ್ರೂರವೇ. ಆದರೂ ನನ್ನನ್ನು ಕೇಳಿದರೆ ಅದೃಷ್ಟದ ಮಾತೇ ಹೆಚ್ಚು ಕೇಡು ಮಾಡಿದೆ. ಅಡ್ಡಹೆಸರಿಗೆ ನೊಂದ ತಾಯಿ ಒಂದಲ್ಲ ಒಂದು ದಿನ ಆಸ್ಪತ್ರೆ ಹತ್ತುತ್ತಾಳೆ. ಅದೃಷ್ಟವನ್ನು ಯಾರು ತಾನೇ ವಾಸಿಮಾಡಿಸಲು ಹೋಗುತ್ತಾರೆ?

ಕಾಯುತ್ತ ಕೂತರೆ ಕೆಡುವುದು ಕಣ್ಣಲ್ಲ, ಮಿದುಳು ಅದರೊಂದಿಗೆ ಇಟ್ಟುಕೊಂಡ ನಂಟು. ಎರಡು ಕಣ್ಣು ಎರಡು ದಿಕ್ಕು ನೋಡಿದರೆ ಒಂದೇ ವಸ್ತು ಎರಡಾಗಿ ಕಾಣಬೇಕು. ದೊಡ್ಡವರಿಗೆ ಹಾಗೇ ಕಾಣುತ್ತದೆ, ತಲೆ ತಿರುಗುತ್ತದೆ. ಮಗುವಿನ ಮಿದುಳು ಮಾತ್ರ ಬೇರೆ ದಾರಿ ಹಿಡಿಯುತ್ತದೆ: ತಿರುಗಿದ ಕಣ್ಣಿನಿಂದ ಬಂದದ್ದನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ. ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆ ಹೊಲಿದು ಇದನ್ನೇ ಕಂಡಿದ್ದರು. ಕೆಲವು ವಾರಗಳ ನಂತರ ರೆಪ್ಪೆ ಬಿಚ್ಚಿದರೆ ಕಣ್ಣೇನೋ ಚೆನ್ನಾಗಿಯೇ ಇತ್ತು, ಮಿದುಳಿನ ಕೋಶಗಳೇ ಅದಕ್ಕೆ ಓಗೊಡಲಿಲ್ಲ. 1981ರಲ್ಲಿ ಅವರಿಗೆ ನೊಬೆಲ್ ಬಂತು. ಆಸ್ಪತ್ರೆಯ ಮಾತಿನಲ್ಲಿ ಇದು ಸೋಮಾರಿ ಕಣ್ಣು. ಏಳೆಂಟು ವರ್ಷದೊಳಗೆ ಹಿಡಿದರೆ ಸುಲಭವಾಗಿ ತಿದ್ದಬಹುದು. ಆಮೇಲೂ ಪ್ರಯತ್ನ ಉಂಟು, ಫಲ ಮಾತ್ರ ಕಡಿಮೆಯಾಗುತ್ತ ಹೋಗುತ್ತದೆ.

ಪಕ್ಕದ ಮೇಜಿನ ಮೇಲೆ ನೊಣದ ಪುಸ್ತಕ. ಪೋಲರಾಯ್ಡ್ ಕನ್ನಡಕ ಹಾಕಿಕೊಂಡು ನೋಡಿದರೆ ಅಂಗೈಯಗಲದ ನೊಣವೊಂದು ಪುಟದಿಂದ ಎದ್ದು ನಿಲ್ಲುತ್ತದೆ. "ರೆಕ್ಕಿ ಹಿಡಿ ನೋಡೋಣ" ಎಂದರೆ, ಎರಡೂ ಕಣ್ಣು ಕೂಡಿ ನೋಡುವ ಮಗು ಗಾಳಿಯಲ್ಲೇ ಚಿವುಟುತ್ತದೆ. ಕೆಲವು ಹೆದರಿ ಕೈ ಹಿಂದಕ್ಕೆಳೆದುಕೊಳ್ಳುತ್ತವೆ. ನಮ್ಮ ಹುಡುಗ ನೇರ ಹಾಳೆಯ ಮೇಲೆ ಬೆರಳೂರಿದ. ಅವನಿಗದು ಬರೀ ಚಿತ್ರ. ಅವ್ವನೂ ಒಮ್ಮೆ ಕನ್ನಡಕ ಹಾಕಿ ನೋಡಿ ಬೆಚ್ಚಿದಳು, ಮತ್ತೆ ಮಗನ ಬೆರಳನ್ನು ನೋಡಿದಳು. ಅದುವರೆಗೆ ಅವಳು ಯೋಚಿಸಿದ್ದು ಮಗನ ಮುಖ ಮಂದಿಗೆ ಹೇಗೆ ಕಾಣುತ್ತದೆ ಎಂದಷ್ಟೇ ಇರಬೇಕು.

ಹನಿ ಹಾಕಿದ ಮೇಲೆ ಡಾಕ್ಟರು ಮೊದಲು ಇಣುಕುವುದು ಕಣ್ಣಿನ ಹಿಂಭಾಗಕ್ಕೆ. ಪೊರೆಯೋ ಅಪರೂಪಕ್ಕೆ ರೆಟಿನಾದ ಗಡ್ಡೆಯೋ ಇದ್ದಾಗಲೂ ಕಣ್ಣು ಹೀಗೆ ತಿರುಗೀತು. ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಪಾಪೆ ಬೆಳ್ಳಗೆ ಹೊಳೆದರೆ ಸೋಮವಾರಕ್ಕೆಂದು ಕಾಯಬಾರದು. ಈ ಹುಡುಗನಿಗೆ ಅಂಥದ್ದೇನಿಲ್ಲ. ಇರುವುದು ದೊಡ್ಡ ಪ್ಲಸ್ ನಂಬರು. ಸ್ಪಷ್ಟವಾಗಿ ನೋಡಲು ಕಣ್ಣು ಹೆಣಗುತ್ತದೆ, ಹೆಣಗಿದಂತೆ ಒಳಕ್ಕೆ ತಿರುಗುತ್ತದೆ. ಕನ್ನಡಕ ಹಾಕಿದರೆ ಆ ಹೆಣಗಾಟ ನಿಂತು ಎಷ್ಟೋ ಮಕ್ಕಳ ಕಣ್ಣು ನೆಟ್ಟಗಾಗುತ್ತದೆ. ತೆಗೆದ ಕೂಡಲೇ ಮತ್ತೆ ತಿರುಗುತ್ತದೆ. "ಚಾಳೀಸು ಹಾಕಿದ ಮ್ಯಾಲೇ ಜಾಸ್ತಿ ಆತು" ಎಂದು ಕನ್ನಡಕವನ್ನು ಟ್ರಂಕಿಗೆ ಸೇರಿಸುವ ಮನೆಗಳಿಗೆ ಲೆಕ್ಕವಿಲ್ಲ.

ಕನ್ನಡಕದಿಂದ ತೀರದ ಓರೆಗೆ ಆಪರೇಶನ್. ಬರ್ಲಿನ್ನಿನ ಡೀಫೆನ್‌ಬಾಖ್ 1839ರಲ್ಲೇ ಏಳು ವರ್ಷದ ಹುಡುಗನೊಬ್ಬನಿಗೆ ಮಾಡಿದ್ದ, ಅದೂ ಅರಿವಳಿಕೆ ಇನ್ನೂ ಬಂದಿರದ ಕಾಲದಲ್ಲಿ. ಈಗ ಮಕ್ಕಳಿಗೆ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಕಣ್ಣುಗುಡ್ಡೆಯನ್ನು ಆಡಿಸುವ ಆರು ಸ್ನಾಯುಗಳಲ್ಲಿ ಬೇಕಾದದ್ದನ್ನು ಕೆಲವು ಮಿಲಿಮೀಟರ್ ಹಿಂದೆ ಸರಿಸುತ್ತಾರೆ, ಇಲ್ಲವೇ ಬಿಗಿಮಾಡುತ್ತಾರೆ. ಕೆಲವರಿಗೆ ಎರಡನೇ ಸಲವೂ ಬೇಕಾಗುತ್ತದೆ. ಹೊರಗಿನ ಬೆಂಚಿನಲ್ಲಿ ಮಾತ್ರ ಇನ್ನೂ ಅದೇ ಪ್ರಶ್ನೆ: "ಕಣ್ಣು ಹೊರಗ ತಗದು ಇಡ್ತಾರಂತ, ಖರೇನ್ರಿ?" ತೆಗೆಯುವುದಿಲ್ಲ. ಗುಡ್ಡೆ ತನ್ನ ಗೂಡಿನಲ್ಲೇ ಇರುತ್ತದೆ. ಆದರೆ ಆಪರೇಶನ್ ನೆಟ್ಟಗೆ ಮಾಡುವುದು ಕಣ್ಣನ್ನು; ಸೋಮಾರಿತನ ಅದರಿಂದ ಹೋಗದು.

ಅದಕ್ಕೆ ಬೇಕಾದದ್ದು ಚೀಟಿಯ ಕೊನೆಯ ಸಾಲು: ಬಲಗಣ್ಣಿಗೆ ಪಟ್ಟಿ. ಅಜ್ಜಿ ತಟ್ಟನೆ ತಡೆದರು.

"ಬಾಯಾರ, ಚಲೋ ಕಣ್ಣು ಬಲಗಡೇದ್ರಿ. ನೀವು ಅದಕ್ಕ ಬರದೀರಿ."

"ಅದಕ್ಕೇ ಹಚ್ಚಬೇಕು ಆಯಿ. ಅದು ಸುಮ್ಮನ ಕೂತರ ಎಡದ್ದು ದುಡೀತೈತಿ."

1743ರಲ್ಲಿ ಫ್ರಾನ್ಸಿನ ಬ್ಯುಫೋನ್ ಹೇಳಿದ್ದೂ ಇದನ್ನೇ. ಅಜ್ಜಿಗೆ ಮಾತ್ರ ಇದು ಶುದ್ಧ ಅನ್ಯಾಯ. ತಪ್ಪು ಎಡದ್ದು, ಶಿಕ್ಷೆ ಬಲದ್ದಕ್ಕೆ! ಹಿಂದೆ ಇಡೀ ದಿನ ಹಚ್ಚಿಸುತ್ತಿದ್ದರು. ಸೋಮಾರಿತನ ಮಧ್ಯಮ ಮಟ್ಟದ್ದಾದರೆ ದಿನಕ್ಕೆ ಎರಡು ತಾಸಿನ ಪಟ್ಟಿ ಆರು ತಾಸಿನಷ್ಟೇ ಗುಣ ಕೊಡುತ್ತದೆ ಎಂದು 2003ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಅಟ್ರೋಪಿನ್ ಹನಿಯಿಂದ ಚಲೋ ಕಣ್ಣನ್ನು ಮಸುಕು ಮಾಡುವ ಉಪಾಯವೂ ಇದೆ. ಇವನ ಚೀಟಿಯಲ್ಲಿ ಎರಡು ತಾಸು. ಪಟ್ಟಿಯನ್ನು ಕನ್ನಡಕದ ಗಾಜಿಗಲ್ಲ, ಚರ್ಮಕ್ಕೇ ಅಂಟಿಸಬೇಕು, ಇಲ್ಲದಿದ್ದರೆ ಈ ಪೋರರು ಅಂಚಿನಿಂದ ಇಣುಕುತ್ತಾರೆ. ಹಚ್ಚಿದ ಹೊತ್ತಿನಲ್ಲಿ ಬಣ್ಣ ತುಂಬುವುದು, ಮಣಿ ಪೋಣಿಸುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು ನಡೆಯಲಿ. ಮೊದಲ ವಾರ ಅಳು, ಎಡವುವುದು, ಪಟ್ಟಿ ಕಿತ್ತೆಸೆಯುವುದು ಎಲ್ಲ ಇದ್ದದ್ದೇ. ಡಾಕ್ಟರ ಕೆಲಸ ಕಾಲು ತಾಸಿನಲ್ಲಿ ಮುಗಿಯಿತು. ತಿಂಗಳುಗಟ್ಟಲೆಯ ಚಿಕಿತ್ಸೆ ಈಗ ನವಲಗುಂದದ ಬಸ್ಸು ಹತ್ತಬೇಕು, ಈ ಇಬ್ಬರು ಹೆಂಗಸರ ಕೈಯಲ್ಲಿ.

ಅವ್ವ ಪಟ್ಟಿಯ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. ಅಜ್ಜಿ ಬಾಗಿಲವರೆಗೂ ಹೋಗಿ ತಿರುಗಿದರು.

"ಎರಡು ತಾಸು ಯಾವಾಗರ ಹಚ್ಚಬಹುದೇನ್ರಿ?"

"ಹಗಲೊತ್ತಿನಾಗ, ಎಚ್ಚರ ಇದ್ದಾಗ. ಮಲಗಿದಾಗ ಹಚ್ಚಿ ಲೆಕ್ಕಾ ತೋರಸಬ್ಯಾಡ್ರಿ ಮತ್ತ."

"ಇಲ್ರೀ, ನಾಕರಿಂದ ಆರರತನಕ ಹಚ್ತೀನಿ. ಇವರವ್ವ ಆಗ ಹೊಲದಾಗ ಇರ್ತಾಳ. ಅತ್ತರ ನೋಡಾಕಾಗೂದಿಲ್ಲ ಅಕಿಗೆ, ಕಿತ್ತು ಬಿಡ್ತಾಳ."