ಎವರೆಸ್ಟ್ ದಾರಿಯಲ್ಲಿ ಮಾತ್ರೆಗೇ ಪರೀಕ್ಷೆ

ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೋಗುವ ಹಾದಿಯಲ್ಲಿ, 4,200 ಮೀಟರ್‌ಗೂ ಮಿಕ್ಕ ಎತ್ತರದಲ್ಲಿ ಫೆರಿಚೆ ಎಂಬ ಹಳ್ಳಿಯಿದೆ. 2002ರ ಅಕ್ಟೋಬರ್-ನವೆಂಬರ್‌ನಲ್ಲಿ ಆ ಭಾಗದಲ್ಲಿ ತಂಗಿದ್ದ ಪಾಶ್ಚಾತ್ಯ ಚಾರಣಿಗರಿಗೆ ವೈದ್ಯರ ತಂಡವೊಂದು ಮಾತ್ರೆ ಹಂಚಿತು. ಯಾರ ಪಾಲಿಗೆ ಯಾವುದು ಬಂದಿದೆ ಎಂಬುದು ಕೊಟ್ಟವರಿಗೂ ಗೊತ್ತಿರಲಿಲ್ಲ, ನುಂಗಿದವರಿಗೂ ಗೊತ್ತಿರಲಿಲ್ಲ. ಕೆಲವರಿಗೆ ಅಸೆಟಜೋಲಮೈಡ್, ಅಂದರೆ ಚಾರಣಿಗರ ಬಾಯಲ್ಲಿ ಡಯಾಮಾಕ್ಸ್. ಕೆಲವರಿಗೆ ಗಿಂಕೊ ಮರದ ಎಲೆಯ ಸಾರ. ಕೆಲವರಿಗೆ ಎರಡೂ. ಉಳಿದವರಿಗೆ ಔಷಧವೇ ಇಲ್ಲದ ಪ್ಲಸೀಬೊ. ಮೂರು-ನಾಲ್ಕು ಡೋಸ್ ತೆಗೆದುಕೊಂಡು 4,928 ಮೀಟರ್ ಎತ್ತರದ ಲೊಬುಚೆ ತಲುಪಿದವರನ್ನು ಅಲ್ಲಿ ವಿಚಾರಿಸಲಾಯಿತು: ತಲೆನೋವಿದೆಯೇ? ವಾಕರಿಕೆ? ತಲೆಸುತ್ತು? ರಾತ್ರಿ ನಿದ್ದೆ ಬಂತೇ?

ಸೇರಿದವರು 614 ಮಂದಿ, ಕೊನೆಯವರೆಗೂ ಉಳಿದವರು 487. ಪ್ಲಸೀಬೊ ನುಂಗಿದವರಲ್ಲಿ ಶೇ 34ರಷ್ಟು ಮಂದಿಗೆ ಎತ್ತರದ ಕಾಯಿಲೆ ತಗುಲಿತ್ತು. ಡಯಾಮಾಕ್ಸ್ ಪಡೆದವರಲ್ಲಿ ಶೇ 12 ಮಾತ್ರ. ಗಿಂಕೊ? ಶೇ 35.

ಅದಕ್ಕೂ ಮುನ್ನ ನಡೆದಿದ್ದ ಸಣ್ಣ ಅಧ್ಯಯನಗಳು ಗಿಂಕೊ ಬಗ್ಗೆ ಆಸೆ ಹುಟ್ಟಿಸಿದ್ದವು. ಗಿಡಮೂಲಿಕೆ ತಾನೇ, ತೊಂದರೆಯೇನು ಎಂದು ಕೊಳ್ಳುವವರೂ ಇದ್ದರು. ನೂರಾರು ಜನರನ್ನು ಬೆಟ್ಟದ ಮೇಲೆಯೇ ಪರೀಕ್ಷಿಸಿದ್ದರಿಂದ ಆ ನಂಬಿಕೆ ನಿಲ್ಲಲಿಲ್ಲ.

ಡಯಾಮಾಕ್ಸ್ ಕೆಲಸ ಮಾಡುವ ಬಗೆ ಸ್ವಾರಸ್ಯಕರ. ಎತ್ತರದಲ್ಲಿ ಆಮ್ಲಜನಕ ಸಾಲದೆ ಉಸಿರಾಟ ಜೋರಾಗುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಆಗ ದೇಹವೇ ಉಸಿರಾಟಕ್ಕೆ ಕಡಿವಾಣ ಹಾಕುತ್ತದೆ, ಮುಖ್ಯವಾಗಿ ನಿದ್ದೆಯಲ್ಲಿ. ಮೂತ್ರಪಿಂಡಗಳು ಬೈಕಾರ್ಬೊನೇಟ್ ಹೊರಹಾಕಿ ಇದನ್ನು ಸರಿದೂಗಿಸಲು ಕೆಲವು ದಿನ ಬೇಕು. ಮಾತ್ರೆ ಆ ಕೆಲಸವನ್ನು ಬೇಗ ಮಾಡಿಸುತ್ತದೆ. ಅದು ಕಾಯಿಲೆಯ ಲಕ್ಷಣಗಳನ್ನು ಮುಚ್ಚಿಡುತ್ತದೆ ಎಂಬ ಮಾತು ಚಾರಣಿಗರಲ್ಲಿ ಓಡಾಡುತ್ತಿರುತ್ತದೆ. ಅದು ನಿಜವಲ್ಲ.

ಇಂಥ ಪರೀಕ್ಷೆ ನಡೆಸುವುದು ಸುಲಭವಲ್ಲ. ಈ ಕಾಯಿಲೆಯನ್ನು ಹಿಡಿದುಕೊಡುವ ರಕ್ತಪರೀಕ್ಷೆಯೇ ಇಲ್ಲ. ಚಾರಣಿಗ ಹೇಳಿದ್ದನ್ನೇ ನಂಬಿ ಅಂಕ ಹಾಕಬೇಕು. ಜೊತೆಗೆ ಡಯಾಮಾಕ್ಸ್ ನುಂಗಿದವರ ಬೆರಳ ತುದಿ ಜುಮ್ಮೆನ್ನುತ್ತದೆ, ಸೋಡಾ ಕುಡಿದರೆ ರುಚಿ ಕೆಟ್ಟಂತಾಗುತ್ತದೆ. ತನಗೆ ಸಿಕ್ಕಿದ್ದು ಯಾವುದೆಂದು ಒಳಗೊಳಗೇ ಊಹಿಸಿಬಿಡಬಹುದು. ಇಷ್ಟು ತೊಡಕಿದ್ದರೂ ಸಂಶೋಧಕರು ಕೈಬಿಡಲಿಲ್ಲ ಎಂಬುದು ದೊಡ್ಡ ಮಾತು. ಎವರೆಸ್ಟ್ ಸೀಮೆಯಲ್ಲೇ ನಡೆದು 2006ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ, ದಿನಕ್ಕೆರಡು ಬಾರಿ 125 ಮಿಲಿಗ್ರಾಂ ತೆಗೆದುಕೊಂಡರೂ 375 ಮಿಲಿಗ್ರಾಂನಷ್ಟೇ ಫಲವಿದೆ ಎಂದು ತೋರಿಸಿತು. ಇಂದು ವಯಸ್ಕರಿಗೆ ಸಾಮಾನ್ಯವಾಗಿ ಸೂಚಿಸುವುದು ಆ ಕಡಿಮೆ ಪ್ರಮಾಣವನ್ನೇ.

ಈ ವಿಜ್ಞಾನದಲ್ಲಿ ಭಾರತದ ಪಾಲೂ ಇದೆ. ಹಿಮಾಲಯದ ಎತ್ತರಕ್ಕೆ ಕಳುಹಿಸಲಾಗಿದ್ದ 1,925 ಸೈನಿಕರ ಅನುಭವವನ್ನು ಇಂದರ್ ಸಿಂಗ್ ಮತ್ತು ಸಂಗಡಿಗರು 1969ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದರು. ಎತ್ತರದ ಕಾಯಿಲೆಯ ಕುರಿತ ಬರಹಗಳು ಇಂದಿಗೂ ಅದನ್ನು ನೆನೆಯುತ್ತವೆ.

ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ತೊಂದರೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರ್ ದಾಟಿದ ಮೇಲೆ. ಹಾಗಾಗಿ ಬೆಂಗಳೂರಿನಿಂದ ವಿಮಾನ ಹಿಡಿದು 3,500 ಮೀಟರ್ ಎತ್ತರದ ಲೇಹ್‌ಗೆ ಹೋಗಿಳಿಯುವವರಿಗೆ ತಮ್ಮ ದೇಹ ಹೇಗೆ ವರ್ತಿಸುತ್ತದೆಂದು ಮೊದಲೇ ತಿಳಿಯುವ ದಾರಿ ಊರಲ್ಲಿಲ್ಲ. ಮಾತ್ರೆ ಒಗ್ಗುತ್ತದೆಯೇ ಎಂಬುದನ್ನಾದರೂ ವೈದ್ಯರನ್ನು ಕಂಡು ಊರಲ್ಲೇ ನೋಡಿಕೊಳ್ಳಬಹುದು. ಸಲ್ಫಾ ಔಷಧದ ಅಲರ್ಜಿ ಇದ್ದರೆ ಅದನ್ನು ಮರೆಯದೆ ಹೇಳಿ. ಮಾತ್ರೆ ನುಂಗಿದ ಮೇಲೂ ತಲೆನೋವು, ವಾಕರಿಕೆ ಬಂದರೆ ಮುಂದೆ ಹತ್ತಬೇಡಿ. ನಡಿಗೆ ತೂರಾಡಿದರೆ, ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ, ರಾತ್ರಿಯಾಗಿದ್ದರೂ ಸರಿ, ಜೊತೆಗೊಬ್ಬರನ್ನು ಕರೆದುಕೊಂಡು ಕೆಳಗಿಳಿಯಿರಿ.